ಕ್ಯಾಂಪರ್ ಎಳೆಯೋಕೆ ಡೀಸೆಲ್ ಟ್ರಕ್ಕೇ ಬೇಕಾ?

ಅಮೆರಿಕದಲ್ಲಿ ಕ್ಯಾಂಪರ್ (ಗಾಡಿ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ) ಎಳೆಯೋಕೆ ಡೀಸೆಲ್ಲೋ ಪೆಟ್ರೋಲೋ ಅಂತ ಟ್ರಕ್ ಹುಡುಕುತ್ತಿರುವವರಿಗೆ ಒಂದು ಮಾತು. ಜಾಹೀರಾತಿನ ಟೋಯಿಂಗ್ ಅಂಕಿ (ಎಷ್ಟು ಭಾರ ಎಳೆಯಬಲ್ಲದು ಅನ್ನೋದು) ನೋಡಿ ಮರುಳಾಗಬೇಡಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಸ್ಟಿಕ್ಕರ್ ಇರುತ್ತದೆ, ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ) ಅಲ್ಲಿ ನೋಡಿ. 7,000 ಪೌಂಡ್ ಕ್ಯಾಂಪರ್ ಆದರೆ ಸುಮಾರು 700ರಿಂದ 1,050 ಪೌಂಡ್ ಟ್ರಕ್ಕಿನ ಹಿಚ್ (ಕ್ಯಾಂಪರ್ ಸಿಕ್ಕಿಸುವ ಕೊಂಡಿ) ಮೇಲೇ ಕೂರುತ್ತದೆ, ಅದೂ ಪೇಲೋಡ್ ಲೆಕ್ಕಕ್ಕೇ. ಮನೆಮಂದಿ, ಕುಕ್ಕರ್, ಅಕ್ಕಿ ಮೂಟೆ ಬೇರೆ. ಡೀಸೆಲ್ ಎಂಜಿನ್ನೇ ಭಾರ, ಹಾಗಾಗಿ ಸಾಮಾನ್ಯವಾಗಿ ಪೇಲೋಡ್ ಕಡಿಮೆ.

ವರ್ಷಕ್ಕೆ ನಾಲ್ಕು ಸಲ, ಬಯಲು ರಸ್ತೆ ಅಂದರೆ ಪೆಟ್ರೋಲ್ ಸಾಕು. ಸುಮ್ನೆ ಜಾಸ್ತಿ ದುಡ್ಡು ಯಾಕೆ? ಆದರೆ ಕೊಲರಾಡೋದ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಗೆ ಹತ್ತುವಾಗ ಗಾಳಿ ತೆಳುವಾಗುವುದರಿಂದ, ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆ. ಇಳಿಯುವಾಗಲಂತೂ ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ತಗ್ಗಿಸುವ ವ್ಯವಸ್ಥೆ) ಇದ್ದರೆ ಜೀವಕ್ಕೆ ನೆಮ್ಮದಿ.