ನಡೆದಾರಿಗೊಂದು ದೊಡ್ಡ ಶಿಲ್ಪ: ಮಾಡಿಸುವುದು ಹೇಗೆ?

ನಗರದ ನಡೆದಾರಿಯಲ್ಲಿ ಒಂದು ಶಿಲ್ಪ ನಿಲ್ಲಿಸುವುದೆಂದು ತೀರ್ಮಾನವಾದ ಕೂಡಲೇ ಸಭೆಯಲ್ಲಿ ಏಳುವ ಮೊದಲ ಮಾತು ‘ಯಾರಿಂದ ಮಾಡಿಸೋಣ’ ಎಂಬುದು. ಅದರ ಬೆನ್ನಿಗೇ ‘ಎಷ್ಟು ಎತ್ತರ ಇರಲಿ’ ಎಂಬುದು ಬರುತ್ತದೆ. ಇಂಥ ಸಮಿತಿಗಳಲ್ಲಿ ಕೂತು ಎದ್ದ ಅನುಭವದಿಂದ ಹೇಳುತ್ತೇನೆ, ಈ ಎರಡು ಪ್ರಶ್ನೆಗಳನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ಉದ್ಯಾನದ ನಡುವೆ ನಿಂತ ಶಿಲ್ಪವನ್ನು ನೋಡಲೆಂದೇ ಜನ ಹೋಗುತ್ತಾರೆ. ನಡೆದಾರಿಯ ಶಿಲ್ಪ ಹಾಗಲ್ಲ. ಬಸ್ ಹಿಡಿಯುವ ಅವಸರದಲ್ಲಿ, ಮಗುವಿನ ಕೈ ಹಿಡಿದುಕೊಂಡು, ಮೊಬೈಲ್‌ನಲ್ಲಿ ಮಾತಾಡುತ್ತ ಜನ ದಿನಕ್ಕೆರಡು ಸಲ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಅವರಲ್ಲಿ ಯಾರೂ ಅದನ್ನು ಬೇಡಿದವರಲ್ಲ. ಆದ್ದರಿಂದ ಕೆಲಸ ಅವರ ಕಾಲ ಬಳಿಯಿಂದಲೇ ಶುರುವಾಗಬೇಕು.

ಮೊದಲು ಜಾಗ, ಆಮೇಲೆ ಶಿಲ್ಪಿ

ಗೊತ್ತುಮಾಡಿದ ಜಾಗದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ ನಿಂತು ನೋಡಿ. ಮಳೆ ಬರುವ ದಿನವೂ ಒಮ್ಮೆ ಹೋಗಿ. ನಕ್ಷೆಯಲ್ಲಿ ಗೆರೆ ಎಳೆದ ದಾರಿ ಒಂದಿರುತ್ತದೆ, ಜನ ನಡೆಯುವ ದಾರಿ ಇನ್ನೊಂದಿರುತ್ತದೆ. ಮೂಲೆಗಳನ್ನು ಅವರು ಅಡ್ಡ ಹಾಯುತ್ತಾರೆ, ನೆರಳಿದ್ದ ಕಡೆ ವಾಲುತ್ತಾರೆ, ಗುಂಪಾಗಿ ಬಂದವರು ಅಗಲವಾದ ಜಾಗದಲ್ಲಿ ನಿಂತು ಹರಟುತ್ತಾರೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡರೆ ಶಿಲ್ಪಕ್ಕೆ ಉಳಿಯುವ ಜಾಗ ಯಾವುದು ಎಂಬುದು ತಾನಾಗಿ ಕಾಣುತ್ತದೆ.

ಈ ಹೆಜ್ಜೆಯನ್ನು ಹಗುರವಾಗಿ ಎಣಿಸಿದರೆ ಏನಾಗಬಹುದು ಎಂಬುದಕ್ಕೆ ನ್ಯೂಯಾರ್ಕ್‌ನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳ ದೊಡ್ಡ ಪಾಠ. ರಿಚರ್ಡ್ ಸೆರ್ರಾ ಅವರ ‘ಟಿಲ್ಟೆಡ್ ಆರ್ಕ್’ ಅಲ್ಲಿ 1981ರಲ್ಲಿ ನಿಂತಿತು. ಅದು 120 ಅಡಿ ಉದ್ದ, 12 ಅಡಿ ಎತ್ತರದ, ತುಸು ಬಾಗಿದ ಉಕ್ಕಿನ ಗೋಡೆ. ಅಂಗಳವನ್ನು ದಾಟುವವರು ಅದನ್ನು ಸುತ್ತಿ ಬಳಸಿ ಹೋಗಬೇಕಾಯಿತು. ನಡೆಯುವವರಿಗೆ ತಮ್ಮ ನಡಿಗೆಯ ಅರಿವು ಮೂಡಬೇಕೆಂಬುದೇ ಶಿಲ್ಪಿಯ ಉದ್ದೇಶವಾಗಿತ್ತು. ಆದರೆ ಅಕ್ಕಪಕ್ಕದ ಕಚೇರಿಗಳ ನೌಕರರಲ್ಲಿ ಅನೇಕರಿಗೆ ಅದು ದಾರಿಗಡ್ಡ ಬಂದ ಗೋಡೆಯಾಗಿಯೇ ಕಂಡಿತು. 1985ರ ಬಹಿರಂಗ ವಿಚಾರಣೆಯಲ್ಲಿ ಉಳಿಸಿ ಎಂದವರು 122 ಮಂದಿ, ತೆಗೆಯಿರಿ ಎಂದವರು 58 ಮಂದಿ. ಹಾಗಿದ್ದೂ 1989ರಲ್ಲಿ ಒಂದು ರಾತ್ರಿ ಅದನ್ನು ತುಂಡು ಮಾಡಿ ಸಾಗಿಸಿಬಿಟ್ಟರು. ನನಗೆ ಇವತ್ತಿಗೂ ಅದು ನೋವಿನ ಸಂಗತಿ. ವಿಚಾರಣೆಯಲ್ಲಿ ಆಡಿದ ಆ ಮಾತುಗಳನ್ನು ಉಕ್ಕಿಗೆ ಬೆಂಕಿ ತಾಗಿಸುವ ಮೊದಲೇ ಆಡಿದ್ದರೆ ಶಿಲ್ಪವೋ ಜಾಗವೋ ಬೇರೆಯಾಗಿರುತ್ತಿತ್ತು, ಒಂದು ಕೃತಿ ಉಳಿಯುತ್ತಿತ್ತು.

ಇದಕ್ಕೆ ಅಗ್ಗದ ಉಪಾಯವೊಂದಿದೆ. ನೆಲದ ಮೇಲೆ ಶಿಲ್ಪದ ಬುಡದಷ್ಟೇ ಅಗಲಕ್ಕೆ ಸುಣ್ಣದಿಂದ ಗೆರೆ ಹಾಕಿ. ಶಿಲ್ಪದಷ್ಟೇ ಎತ್ತರದ ಗಳುಗಳನ್ನು ನಿಲ್ಲಿಸಿ ಬಟ್ಟೆ ಕಟ್ಟಿ. ಭದ್ರವಾಗಿ ಕಟ್ಟಿ, ಒಂದು ವಾರ ಹಾಗೇ ಬಿಡಿ. ಜನ ಎಲ್ಲಿ ತಿರುಗುತ್ತಾರೆ, ವಾಹನ ಓಡಿಸುವವರಿಗೆ ರಸ್ತೆಯ ತಿರುವು ಮರೆಯಾಗುತ್ತದೆಯೇ, ರಾತ್ರಿ ದೀಪದ ಬೆಳಕಿಗೆ ಅಡ್ಡವಾಗಿ ಅದರ ಹಿಂದೆ ಕತ್ತಲೆಯ ಮೂಲೆ ಉಂಟಾಗುತ್ತದೆಯೇ ಎಂಬುದನ್ನೆಲ್ಲ ಆ ಬಟ್ಟೆಯ ಗೊಂಬೆಯೇ ತೋರಿಸಿಕೊಡುತ್ತದೆ.

ಇನ್ನು ಅಳತೆಗಳು. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಬೇಕಾದರೆ ಸುಮಾರು 1.5 ಮೀಟರ್ ಅಗಲ ಬೇಕು. ಕಣ್ಣು ಕಾಣದವರು ಬಿಳಿಕೋಲನ್ನು ನೆಲಕ್ಕೆ ತಾಗಿಸುತ್ತ ನಡೆಯುತ್ತಾರೆ. ಸೊಂಟದ ಮಟ್ಟದಲ್ಲಿ ಹೊರಚಾಚಿದ ರೆಕ್ಕೆಯಾಗಲೀ ತೋಳಾಗಲೀ ಆ ಕೋಲಿಗೆ ಸಿಗುವುದಿಲ್ಲ, ನೇರವಾಗಿ ಮೈಗೆ, ಮುಖಕ್ಕೆ ಬಡಿಯುತ್ತದೆ. ಅಮೆರಿಕದ ಅಂಗವಿಕಲರ ಅನುಕೂಲದ ನಿಯಮ ಇದಕ್ಕೊಂದು ಲೆಕ್ಕ ಕೊಟ್ಟಿದೆ. ನೆಲದಿಂದ 27 ಇಂಚಿನಿಂದ 80 ಇಂಚಿನವರೆಗಿನ ಎತ್ತರದಲ್ಲಿ ಗೋಡೆಯಿಂದ ಯಾವ ವಸ್ತುವೂ ದಾರಿಯೊಳಕ್ಕೆ 4 ಇಂಚಿಗಿಂತ ಹೆಚ್ಚು ಚಾಚಬಾರದು. ನಿಮ್ಮ ನಗರದ ನಿಯಮ ಬೇರೆ ಇರಬಹುದು. ಆದರೆ ಈ ಲೆಕ್ಕದ ಹಿಂದಿನ ಕಾಳಜಿ ಎಲ್ಲ ಕಡೆಗೂ ಸಲ್ಲುವಂಥದು.

ನೆಲದ ಕೆಳಗೆ ಏನಿದೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಇವೆಲ್ಲ ನಡೆದಾರಿಯ ಅಡಿಯಲ್ಲೇ ಹಾದು ಹೋಗುತ್ತವೆ. ಆಯಾ ಇಲಾಖೆಯ ನಕ್ಷೆ ತರಿಸಿ, ಅದರ ಮೇಲೆ ಪೂರ್ತಿ ಭಾರ ಹಾಕದೆ ಒಂದೆರಡು ಕಡೆ ಪರೀಕ್ಷೆಗೆಂದು ಗುಂಡಿ ತೋಡಿ ನೋಡಿ.

ಹಣ ಮತ್ತು ಆಯ್ಕೆ

ಬಜೆಟ್ ಎಂದರೆ ಶಿಲ್ಪಿಯ ಸಂಭಾವನೆ ಎಂದುಕೊಂಡವರೇ ಹೆಚ್ಚು. ಸಂಭಾವನೆ ಅದರ ಒಂದು ಪಾಲು ಮಾತ್ರ. ಸಾಮಗ್ರಿ, ಕಾರ್ಖಾನೆಯ ಕೆಲಸ, ಎಂಜಿನಿಯರ್ ಶುಲ್ಕ, ಮಣ್ಣಿನ ಪರೀಕ್ಷೆ, ಅಡಿಪಾಯ, ಸಾಗಣೆ, ಕ್ರೇನ್, ರಸ್ತೆ ಬಂದ್ ಮಾಡುವ ಅನುಮತಿ, ವಿಮೆ, ದೀಪ, ಕಿತ್ತ ಹಾಸುಗಲ್ಲುಗಳನ್ನು ಮತ್ತೆ ಕೂರಿಸುವುದು ಎಲ್ಲವೂ ಅದರೊಳಗೇ ಬರಬೇಕು. ನೂರಕ್ಕೆ ಹತ್ತರಷ್ಟನ್ನು ಅನಿರೀಕ್ಷಿತ ವೆಚ್ಚಕ್ಕೆಂದು ಮುಟ್ಟದೆ ಇಡುವುದು ವಾಡಿಕೆ. ನಿರ್ವಹಣೆಯ ಹಣವನ್ನು ಬೇರೆ ಖಾತೆಯಲ್ಲಿಯೇ ಇಡಿ. ಒಟ್ಟಿಗೆ ಇಟ್ಟರೆ ಉದ್ಘಾಟನೆಯ ಹೊತ್ತಿಗೆ ಅದು ಖರ್ಚಾಗಿ ಹೋಗಿರುತ್ತದೆ.

ಶಿಲ್ಪಿಯನ್ನು ಆರಿಸಲು ಮೂರು ದಾರಿಗಳಿವೆ: ಎಲ್ಲರಿಗೂ ಮುಕ್ತ ಆಹ್ವಾನ, ಕೆಲವರಿಗಷ್ಟೇ ಆಹ್ವಾನ, ಇಲ್ಲವೇ ನೇರವಾಗಿ ಒಬ್ಬರಿಗೆ ವಹಿಸುವುದು. ಸಾರ್ವಜನಿಕ ಹಣವಾದರೆ ಮುಕ್ತ ಆಹ್ವಾನವೇ ಸರಿ. ಆಹ್ವಾನ ಪತ್ರದಲ್ಲಿ ಜಾಗದ ಫೋಟೊ, ಅಳತೆ, ನೀವು ಮಾಡಿದ ನಡಿಗೆಯ ಗುರುತುಗಳು, ಒಟ್ಟು ಹಣ, ಗಡುವು, ತೀರ್ಪುಗಾರರು ಯಾರು ಎಂಬುದೆಲ್ಲ ಇರಲಿ. ಶಿಲ್ಪ ಹೇಗಿರಬೇಕು ಎಂದು ಮಾತ್ರ ಬರೆಯಬೇಡಿ. ‘ಪ್ರಗತಿಯ ಸಂಕೇತವಾಗಿರಬೇಕು’ ಎಂಬಂಥ ಸಾಲು ಬರೆದರೆ ಮೇಲಕ್ಕೆ ಚಾಚಿದ ಕೈಗಳ ಚಿತ್ರಗಳೇ ಕಂತೆ ಕಂತೆಯಾಗಿ ಬರುತ್ತವೆ.

ಮೊದಲ ಸುತ್ತಿನಲ್ಲಿ ಹಿಂದಿನ ಕೆಲಸಗಳ ಚಿತ್ರಗಳನ್ನಷ್ಟೇ ಕೇಳಿ. ಅದರಲ್ಲಿ ಮೂರೋ ನಾಲ್ಕೋ ಜನರನ್ನು ಆರಿಸಿ, ಜಾಗ ತೋರಿಸಿ, ಹೊಸ ಮಾದರಿ ಮಾಡಿಕೊಡಲು ಹೇಳಿ, ಅದಕ್ಕೆ ಹಣ ಕೊಡಿ. ಗೆಲ್ಲದವರಿಗೂ ಕೊಡಿ. ಮಾದರಿಯೊಂದಕ್ಕೆ ವಾರಗಟ್ಟಲೆ ದುಡಿಮೆ ಬೇಕು. ಅದನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ಅನ್ಯಾಯ, ಮತ್ತು ಒಳ್ಳೆಯ ಶಿಲ್ಪಿಗಳು ಅಂಥ ಕಡೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ತೀರ್ಪುಗಾರರಲ್ಲಿ ಇನ್ನೊಬ್ಬ ಶಿಲ್ಪಿ, ಒಬ್ಬ ಎಂಜಿನಿಯರ್, ಆ ದಾರಿಯಲ್ಲಿ ದಿನವೂ ನಡೆಯುವ ಒಬ್ಬಿಬ್ಬರು ಇರಲೇಬೇಕು.

ಕರಾರು ಪತ್ರ

ಹಣವನ್ನು ಕಂತಿನಲ್ಲಿ ಕೊಡುವುದಾದರೆ ಕಂತುಗಳನ್ನು ಕೆಲಸಕ್ಕೆ ಗಂಟು ಹಾಕಿ, ತಾರೀಖಿಗಲ್ಲ. ಸಹಿ, ಅಂತಿಮ ನಕ್ಷೆ, ಸಾಮಗ್ರಿ ಖರೀದಿ, ಅರ್ಧ ಕೆಲಸ, ಸ್ಥಾಪನೆ ಹೀಗೆ. ಕಲಾವಿದರು ಕೈಯಿಂದ ಹಣ ಹಾಕಿ ಲೋಹ ಕೊಳ್ಳುವ ಸ್ಥಿತಿ ಬರಬಾರದು.

ಹೆಚ್ಚಿನವರು ಮರೆಯುವುದು ಶಿಲ್ಪಿಯ ನೈತಿಕ ಹಕ್ಕನ್ನು. ಶಿಲ್ಪ ನಗರದ ಸ್ವತ್ತಾದ ಮೇಲೂ ಅದರ ಮೇಲೆ ಕರ್ತೃವಿನ ಹೆಸರು ಇರಬೇಕು, ಅದನ್ನು ವಿರೂಪಗೊಳಿಸಬಾರದು ಎಂಬ ಹಕ್ಕು ಶಿಲ್ಪಿಯ ಬಳಿಯೇ ಉಳಿಯುತ್ತದೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ 1928ರಲ್ಲಿಯೇ ಇದು ಸೇರಿತು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿ, ಉಳಿದ ತುಣುಕುಗಳನ್ನು ಅವರಿಗೆ ಹಿಂತಿರುಗಿಸಲು, ಪರಿಹಾರ ಕೊಡಲು ಹೇಳಿತು. ಮುಂದೆ ರಸ್ತೆ ಅಗಲವಾದರೆ ಶಿಲ್ಪವನ್ನು ಸ್ಥಳಾಂತರಿಸಬಹುದೇ, ಯಾರನ್ನು ಕೇಳಬೇಕು, ದುರಸ್ತಿ ಯಾರು ಮಾಡಬೇಕು, ಬಣ್ಣ ಬದಲಿಸಬಹುದೇ ಎಂಬುದನ್ನೆಲ್ಲ ಸಹಿಗೆ ಮೊದಲೇ ಬರೆದುಕೊಳ್ಳಿ.

ಮಾದರಿಯಿಂದ ಲೋಹಕ್ಕೆ

ಮೇಜಿನ ಮೇಲಿನ ಒಂದಡಿಯ ಮಾದರಿಯನ್ನು ನೋಡಿ ‘ಇದನ್ನೇ ಹತ್ತು ಪಟ್ಟು ದೊಡ್ಡದು ಮಾಡಿ’ ಎನ್ನುವುದು ಸುಲಭ. ಎತ್ತರ ಹತ್ತು ಪಟ್ಟಾದರೆ ಮೈಯ ವಿಸ್ತೀರ್ಣ ನೂರು ಪಟ್ಟಾಗುತ್ತದೆ, ತೂಕ ಸಾವಿರ ಪಟ್ಟಾಗುತ್ತದೆ. ಆ ತೂಕವನ್ನು ಹೊರುವ ಕಾಲನ್ನು ಅಡ್ಡ ಕೊಯ್ದು ಆ ಕೊಯ್ತದ ವಿಸ್ತೀರ್ಣ ಅಳೆದರೆ ಅದು ಬೆಳೆದಿರುವುದು ನೂರು ಪಟ್ಟು ಮಾತ್ರ. ಮೇಜಿನ ಮೇಲೆ ಒಂಟಿಕಾಲಿನಲ್ಲಿ ನಲಿಯುವ ಆಕೃತಿ ಬಯಲಿನಲ್ಲಿ ತನ್ನ ಭಾರಕ್ಕೇ ತಾನು ಕುಸಿಯಬಹುದು. ದೊಡ್ಡ ಲೋಹ ಶಿಲ್ಪಗಳನ್ನು ಟೊಳ್ಳಾಗಿ ಮಾಡಿ, ಒಳಗೆ ಉಕ್ಕಿನ ಅಸ್ಥಿಪಂಜರ ಕೊಡುವುದು ಇದಕ್ಕಾಗಿಯೇ.

ಗಾಳಿಯ ಲೆಕ್ಕ ಇನ್ನೂ ಬಿರುಸು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ತೆಳುವಾದ ಉದ್ದನೆಯ ಚಾಚುಗಳು ಗಾಳಿಗೆ ಅದುರತೊಡಗುತ್ತವೆ, ಅದುರಿ ಅದುರಿ ಬೆಸುಗೆ ಬಿಡುತ್ತದೆ. ಮ್ಯಾಂಚೆಸ್ಟರ್‌ನ ‘ಬಿ ಆಫ್ ದ ಬ್ಯಾಂಗ್’ ಶಿಲ್ಪ 56 ಮೀಟರ್ ಎತ್ತರವಿತ್ತು. ಅದರಲ್ಲಿ ಸುತ್ತಲೂ ಸಿಡಿದಂತೆ 180 ಉಕ್ಕಿನ ಮುಳ್ಳುಗಳಿದ್ದವು. 2005ರಲ್ಲಿ ಅನಾವರಣಕ್ಕೆ ಕೆಲವೇ ದಿನ ಇರುವಾಗ ಒಂದು ಮುಳ್ಳಿನ ತುದಿ ಕಳಚಿ ಬಿತ್ತು. ಆಮೇಲೂ ತೊಂದರೆ ನಿಲ್ಲಲಿಲ್ಲ. 2009ರಲ್ಲಿ ಅದನ್ನು ಪೂರ್ತಿ ಕೆಳಗಿಳಿಸಿದರು. ಆದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಮಾದರಿಯ ಹಂತದಲ್ಲಿಯೇ ಶಿಲ್ಪಿಯ ಪಕ್ಕದಲ್ಲಿ ಕೂರಬೇಕು. ಕೊನೆಯಲ್ಲಿ ಬಂದವರು ಮಾಡಬಹುದಾದದ್ದು ಒಂದು ಕಂಬ ಸೇರಿಸುವುದಷ್ಟೇ, ಆ ಕಂಬ ಶಿಲ್ಪವನ್ನು ಕೊಲ್ಲುತ್ತದೆ.

ಯಾವ ಲೋಹ? ಕಂಚು ತಲೆಮಾರುಗಳ ಕಾಲ ಬಾಳುತ್ತದೆ, ಆದರೆ ದುಬಾರಿ, ಕಳ್ಳರ ಕಣ್ಣು ಬೀಳುವಂಥದು. ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಂಡರೆ ಸಮುದ್ರದ ಗಾಳಿ ಬೀಸುವ ಕಡೆ 304 ದರ್ಜೆ ಸಾಲದು, 316 ಬೇಕು. ಕಾರ್‌ಟೆನ್ ಎಂದು ಕರೆಯುವ ಉಕ್ಕು ತನ್ನ ತುಕ್ಕನ್ನೇ ಕವಚ ಮಾಡಿಕೊಳ್ಳುತ್ತದೆ. ಅದು ನನಗೆ ಬಹಳ ಇಷ್ಟದ ಲೋಹ. ಆದರೆ ನೆನೆದು ಒಣಗಿ, ನೆನೆದು ಒಣಗಿ ಬಂದರೆ ಮಾತ್ರ ಆ ಕವಚ ಗಟ್ಟಿಯಾಗುತ್ತದೆ. ನೀರು ನಿಲ್ಲುವ ಕುಳಿಯಲ್ಲಿ ತಿನ್ನುತ್ತಲೇ ಹೋಗುತ್ತದೆ. ಮೊದಲ ಕೆಲವು ವರ್ಷ ಮಳೆನೀರಿನೊಡನೆ ಕೆಂಪು ಇಳಿದು ಹಾಸುಗಲ್ಲಿಗೆ ಕಲೆ ಹತ್ತುತ್ತದೆ. ಬುಡದ ಸುತ್ತ ಜಲ್ಲಿ ಹಾಸಿದ ಕಾಲುವೆ ಬಿಟ್ಟರೆ ಆ ಕಲೆ ಕಾಣುವುದಿಲ್ಲ. ಇನ್ನೊಂದು ಎಚ್ಚರ: ಒಳಬಾಗಿದ, ಕನ್ನಡಿಯಂತೆ ಹೊಳೆಯುವ ಮೈ ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸಿ ಸುಡಬಲ್ಲದು.

ಕಾರ್ಖಾನೆಗೆ ಎರಡು ಮೂರು ಸಲ ಹೋಗಿ. ಬೆಸುಗೆಯನ್ನು ಹೊಳಪು ಕೊಡುವ ಮೊದಲೇ ನೋಡಿ. ಟೊಳ್ಳು ಶಿಲ್ಪದ ಅಡಿಯಲ್ಲಿ ಬೆರಳು ಹೋಗುವಷ್ಟು ದೊಡ್ಡ ತೂತುಗಳಿವೆಯೇ ಎಂದು ಬಗ್ಗಿ ನೋಡಿ. ಒಳಗೆ ಹನಿಗಟ್ಟುವ ನೀರು ಹೊರಹೋಗಲು ಅವು ಬೇಕು. ಅವಿಲ್ಲದಿದ್ದರೆ ಶಿಲ್ಪ ಹೊರಗೆ ಹೊಳೆಯುತ್ತ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮಕ್ಕಳು ಹತ್ತೇ ಹತ್ತುತ್ತಾರೆ. ಹತ್ತಲು ಆಗದಂತೆ ಕೆಳಭಾಗವನ್ನು ನುಣುಪಾಗಿ ಮಾಡಿ, ಇಲ್ಲವೇ ಹತ್ತಿದರೂ ಪೆಟ್ಟಾಗದಂತೆ ಮಾಡಿ. ಎರಡರ ನಡುವೆ ಬಿಟ್ಟದ್ದೇ ಅಪಾಯ.

ನಿಲ್ಲಿಸುವ ದಿನ

ಒಂದು ಮುಂಜಾವ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ರಸ್ತೆ ಬಂದ್ ಆಗಿತ್ತು. ಕ್ರೇನ್ ಶಿಲ್ಪವನ್ನು ಎತ್ತಿ ಅಡಿಪಾಯದ ಮೇಲೆ ತಂದು ನಿಲ್ಲಿಸಿತ್ತು. ಕೆಳಗೆ ಮೊಣಕಾಲೂರಿ ಕೂತಿದ್ದ ಮೇಸ್ತ್ರಿ ಕೈ ಎತ್ತಿ ‘ನಿಲ್ಲಿಸಿ’ ಎಂದರು. ಕಾಂಕ್ರೀಟ್‌ನಿಂದ ಮೇಲೆದ್ದಿದ್ದ ಎಂಟು ಬೋಲ್ಟ್‌ಗಳಲ್ಲಿ ಎರಡು, ಶಿಲ್ಪದ ಬುಡದ ತಟ್ಟೆಯ ತೂತುಗಳಿಂದ ಹೆಬ್ಬೆರಳಗಲ ಪಕ್ಕಕ್ಕಿದ್ದವು. ಶಿಲ್ಪ ಮತ್ತೆ ಲಾರಿಗೆ ಹೋಯಿತು. ಶಿಲ್ಪಿ ಕಾಲುದಾರಿಯ ಅಂಚಿನಲ್ಲಿ ಕೂತು ಒಂದು ಮಾತೂ ಆಡದೆ ಆ ಬೋಲ್ಟ್‌ಗಳನ್ನೇ ನೋಡುತ್ತಿದ್ದರು. ತಟ್ಟೆಯನ್ನು ಕೊರೆದವರು ಒಂದು ಕಡೆಯವರು, ಬೋಲ್ಟ್ ನೆಟ್ಟವರು ಇನ್ನೊಂದು ಕಡೆಯವರು, ಇಬ್ಬರ ಕೈಯಲ್ಲಿದ್ದ ನಕ್ಷೆಗಳೂ ಬೇರೆ ಬೇರೆ. ಬುಡದ ತಟ್ಟೆಯನ್ನು ಕೊರೆದ ಕಾರ್ಖಾನೆಯಿಂದಲೇ ಅದೇ ಅಳತೆಯ ತೆಳು ಹಲಗೆಯೊಂದನ್ನು ತರಿಸಿ, ಕಾಂಕ್ರೀಟ್ ಸುರಿಯುವ ಮೊದಲು ಬೋಲ್ಟ್‌ಗಳನ್ನು ಅದರ ತೂತುಗಳಲ್ಲಿ ಕೂರಿಸಿದ್ದರೆ ಆ ಮುಂಜಾವ ಹಾಗೆ ಕಳೆಯುತ್ತಿರಲಿಲ್ಲ.

ಸಾಗಣೆಯ ದಾರಿಯನ್ನೂ ಮೊದಲೇ ಅಳೆಯಿರಿ: ಸೇತುವೆಯ ಎತ್ತರ, ತಂತಿಗಳು, ಲಾರಿ ತಿರುಗುವ ಮೂಲೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನ ‘ಏಂಜಲ್ ಆಫ್ ದ ನಾರ್ತ್’ ಶಿಲ್ಪದ ರೆಕ್ಕೆಗಳ ಅಗಲ 54 ಮೀಟರ್, ತೂಕ ಸುಮಾರು 200 ಟನ್. 1998ರಲ್ಲಿ ಅದನ್ನು ಮೈ ಒಂದು, ರೆಕ್ಕೆ ಎರಡು ಎಂದು ಮೂರು ತುಂಡಾಗಿಯೇ ತಂದು ಸ್ಥಳದಲ್ಲಿ ಜೋಡಿಸಿದರು. ಶಿಲ್ಪ ಎಲ್ಲಿ ಬೇರೆಯಾಗುತ್ತದೆ ಎಂಬುದು ಶಿಲ್ಪಿಯ ನಕ್ಷೆಯಲ್ಲಿಯೇ ಇರಬೇಕಾದ ಸಂಗತಿ.

ನಿಂತ ಮೇಲೆ

ಹಸ್ತಾಂತರದ ದಿನ ಶಿಲ್ಪಿಯಿಂದ ಒಂದು ಕಡತ ಪಡೆಯಿರಿ. ಲೋಹದ ದರ್ಜೆ, ಬಣ್ಣದ ಹೆಸರು, ಬೆಸುಗೆಯ ವಿವರ, ಬೋಲ್ಟ್ ಬಿಗಿಯುವ ಪ್ರಮಾಣ, ತೊಳೆಯುವ ವಿಧಾನ, ಬಳಸಲೇಬಾರದ ರಾಸಾಯನಿಕಗಳು ಅದರಲ್ಲಿರಲಿ. ಷಿಕಾಗೊದ ‘ಕ್ಲೌಡ್ ಗೇಟ್’ ಶಿಲ್ಪದ ಮೈಗೆ 168 ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳನ್ನು ಬೆಸೆದಿದ್ದಾರೆ. ಜನರ ಕೈ ತಾಗುವ ಕೆಳಗಿನ ಆರು ಅಡಿಯನ್ನು ದಿನಕ್ಕೆರಡು ಬಾರಿ ಒರೆಸುತ್ತಾರೆ. ಹೊಳಪಿನ ಶಿಲ್ಪ ಬೇಕೆನ್ನುವವರು ಒರೆಸುವ ಕೈಗಳನ್ನೂ ನೇಮಿಸಬೇಕು.

ಮೊದಲ ಜೋರು ಮಳೆಯ ಮರುದಿನ ಹೋಗಿ ನೀರು ಎಲ್ಲಿ ನಿಂತಿದೆ ನೋಡಿ. ವರ್ಷ ತುಂಬಿದಾಗ ಎಂಜಿನಿಯರ್ ಜೊತೆ ಹೋಗಿ ಬೆಸುಗೆ, ಬೋಲ್ಟ್ ಪರೀಕ್ಷಿಸಿ. ದೋಷ ಸರಿಪಡಿಸುವ ಅವಧಿ ಮುಗಿಯುವ ಮುಂಚೆ ಆಗಬೇಕಾದ ಕೆಲಸ ಇದು. ಕಂಚಿನ ಶಿಲ್ಪವಾದರೆ ಅಷ್ಟರಲ್ಲಿ ಒಂದು ಜಾಗ, ಮೊಣಕೈಯೋ ಹಕ್ಕಿಯ ಕೊಕ್ಕೋ, ಹಾದುಹೋಗುವವರೆಲ್ಲ ಸವರಿ ಸವರಿ ಚಿನ್ನದಂತೆ ಹೊಳೆಯತೊಡಗಿರುತ್ತದೆ. ಅಲ್ಲಿಗೆ ಮತ್ತೆ ಬಣ್ಣ ಕಟ್ಟಿ ಮೇಣ ಹಚ್ಚಬೇಕೇ, ಹಾಗೇ ಬಿಡಬೇಕೇ ಎಂಬುದನ್ನು ಶಿಲ್ಪಿಯನ್ನೇ ಕರೆದು ಕೇಳಿ, ಕಡತದಲ್ಲಿ ಬರೆದಿಡಿ.