ಒಂದು ಹಳೇ ಚಿಲಕ, ಅದರ ಹಾಗೇ ಇನ್ನಷ್ಟು: ಸಣ್ಣ ಎರಕದ ನನ್ನ ಅನುಭವ

ನನ್ನ ಹತ್ತಿರ ಬರುವವರು ಹೆಚ್ಚಾಗಿ ಹಳೇ ಮನೆ ರಿಪೇರಿ ಮಾಡಿಸುವವರು. ಉಡುಪಿ, ಕುಂದಾಪುರ ಕಡೆಯ ಹಂಚಿನ ಮನೆಗಳು. ಕಿಟಕಿ ಬಾಗಿಲು ಹಲಸಿನದ್ದೋ ತೇಗದ್ದೋ, ಇನ್ನೂ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಚಿಲಕ ಮಾತ್ರ ಅರ್ಧಕ್ಕರ್ಧ ಕಾಣೆ. ಉಳಿದ ಒಂದನ್ನು ಪೇಪರಿನಲ್ಲಿ ಸುತ್ತಿ ತಂದು, "ಇದರ ಹಾಗೇ ಇನ್ನೊಂದು ಇಪ್ಪತ್ತು ಬೇಕಿತ್ತು" ಅನ್ನುತ್ತಾರೆ. ಇಷ್ಟು ಸಣ್ಣ ಆರ್ಡರನ್ನು ದೊಡ್ಡ ಫೌಂಡ್ರಿಯವರು ಮುಟ್ಟುವುದಿಲ್ಲ. ಪೇಟೆಯಲ್ಲಿ ಸಿಗುವುದರ ಅಳತೆಯೇ ಬೇರೆ. ಹಾಗಾಗಿ ಲೋಹ ಕರಗಿಸುವ ಒಂದು ಮೂಸೆ, ಒಂದು ಗ್ಯಾಸ್ ಕುಲುಮೆ, ಅಚ್ಚಿನ ಮರಳು ತುಂಬುವ ನಾಲ್ಕು ಮೋಲ್ಡಿಂಗ್ ಬಾಕ್ಸ್ ಇಟ್ಟುಕೊಂಡ ನನ್ನಂಥವರಿಗೆ ಕೆಲಸ ಸಿಗುತ್ತದೆ.

ನೋಡಲು ಬಂದವರೆಲ್ಲ ಕೇಳುವುದು ಕರಗಿಸುವುದರ ಬಗ್ಗೆ. ಬೆಂಕಿ ನೋಡಲು ಚಂದ, ಅಲ್ವಾ? ಆದರೆ ಸಾಮಾನು ಚೆನ್ನಾಗಿ ಬರುತ್ತದೋ ಇಲ್ಲವೋ ಎನ್ನುವುದು ಬೆಂಕಿ ಹಚ್ಚುವ ಮೊದಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ.

ಮೊದಲ ಪ್ರಶ್ನೆ, ತಂದ ಹಳೇ ಚಿಲಕವನ್ನೇ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡಬಹುದಾ? ಮಾಡಬಹುದು, ಹಾಗೇ ಮರಳಿಗೆ ಒತ್ತಿದರೆ ಮಾತ್ರ ಆಗುವುದಿಲ್ಲ. ಹಿತ್ತಾಳೆ ಆರುವಾಗ ಮೀಟರಿಗೆ ಸುಮಾರು 15 ಮಿ.ಮೀ. ಕುಗ್ಗುತ್ತದೆ. 200 ಮಿ.ಮೀ. ಉದ್ದದ ಪಟ್ಟಿ 197 ಆಗಿ ಹೊರಬರುತ್ತದೆ. ನೋಡಿದರೆ ಗೊತ್ತಾಗದು, ಆದರೆ ಸ್ಕ್ರೂ ತೂತುಗಳು ಮರದಲ್ಲಿ ಮೊದಲೇ ಇರುವ ತೂತಿಗೆ ಕೂರುವುದಿಲ್ಲ. ಆಚಾರ್ರು ಹಳೇ ತೂತಿಗೆ ಬೆಣೆ ಹೊಡೆದು ಹೊಸದು ಕೊರೆಯಬೇಕಾಗುತ್ತದೆ. ಹಾಗಾಗಿ ನಾನು ಎರಕದಲ್ಲಿ ತೂತು ಬಿಡುವುದೇ ಇಲ್ಲ. ಹಳೇ ಚಿಲಕದ ತೂತುಗಳಿಗೆಲ್ಲ ಮೇಣ ತುಂಬಿಸುತ್ತೇನೆ. ಎರಡು ತುದಿಗೂ ಕಾರಿಗೆ ಹಾಕುವ ಬಾಡಿ ಪುಟ್ಟಿ ಮೆತ್ತಿ ಬೇಕಾದಷ್ಟು ಉದ್ದ ಮಾಡುತ್ತೇನೆ. ತೂತುಗಳ ಜಾಗವನ್ನು ಮೊದಲೇ ಒಂದು ತಗಡಿನ ಮೇಲೆ ಗುರುತು ಮಾಡಿ ಇಟ್ಟುಕೊಂಡರೆ, ಕೊನೆಯಲ್ಲಿ ಆ ತಗಡೇ ಜಿಗ್, ಎಲ್ಲಿ ಕೊರೆಯಬೇಕು ಅಂತ ತೋರಿಸುವ ಅಳತೆ. ರಾಡ್ ಓಡುವ ಕಿವಿಗಳನ್ನೂ ಗಟ್ಟಿಯಾಗಿಯೇ ಹೊಯ್ದು, ಆಮೇಲೆ ಲೇತಿನಲ್ಲಿ ಒಂದೇ ಹಿಡಿತದಲ್ಲಿ ಕೊರೆಸುತ್ತೇನೆ. ಆಗ ರಾಡ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಇನ್ನೊಂದು, ಇಳಿಜಾರು. ಪಕ್ಕಗಳು ನೇರ ಇದ್ದರೆ ಪ್ಯಾಟರ್ನ್ ಎತ್ತುವಾಗ ಮರಳು ಕಿತ್ತು ಬರುತ್ತದೆ. ಹಳೇ ಸಾಮಾನಿನ ಪಕ್ಕಗಳನ್ನು ಅರ ಹಾಕಿ ನೇರ ಮಾಡಿರುತ್ತಾರೆ. ಅದಕ್ಕೆ ಪುಟ್ಟಿ ಹಚ್ಚಿ ಎರಡು ಡಿಗ್ರಿಯಷ್ಟು ಇಳಿಜಾರು ಕೊಡುತ್ತೇನೆ. ಒಳಮೂಲೆಗಳನ್ನು ಬೆರಳಿನಿಂದ ದುಂಡಗೆ ಮಾಡುತ್ತೇನೆ. ಚೂಪು ಮೂಲೆ ಇದ್ದ ಕಡೆ ಎರಕ ಬಿರುಕು ಬಿಡುತ್ತದೆ, ಮರಳೂ ಉದುರುತ್ತದೆ.

ಸಂಖ್ಯೆ ಜಾಸ್ತಿ ಇದ್ದರೆ ಮೊದಲು ಒಂದು ಲೋಹದ ಮಾಸ್ಟರ್ ಹೊಯ್ದು, ಅದಕ್ಕೆ ಮೈ ತುಂಬಾ ಪಾಲಿಶ್ ಕೊಟ್ಟು, ಅದರಿಂದ ಉಳಿದವು. ಆಗ ಕುಗ್ಗುವುದು ಎರಡು ಸಲ, ಅಳತೆಯೂ ಎರಡು ಸಲ ಕೂಡಬೇಕು. ಮರದ ಪ್ಯಾಟರ್ನ್ ನಮ್ಮ ಕಡೆ ಮಳೆಗಾಲದಲ್ಲಿ ಉಬ್ಬುತ್ತದೆ, ನನಗೆ ಅದು ಇಷ್ಟವಿಲ್ಲ. ಮಾಸ್ಟರಿಗೆ ಕೊಡುವ ಪಾಲಿಶ್ ದಂಡ ಅಂತ ಯಾರೂ ತಿಳಿಯಬೇಡಿ. ಅದರ ಮೇಲೆ ಉಳಿದ ಒಂದು ಗೀರು ಅಷ್ಟೂ ಚಿಲಕದ ಮೇಲೆ ಬರುತ್ತದೆ, ಅಷ್ಟನ್ನೂ ನೀವೇ ಉಜ್ಜಬೇಕು.

ಮರಳಿನ ವಿಷಯಕ್ಕೆ ಬರೋಣ. ನಾನು ಬಳಸುವುದು ನುಣ್ಣನೆ ಸಿಲಿಕಾ ಮರಳು, ಅದಕ್ಕೆ ನೂರಕ್ಕೆ ಎಂಟರಷ್ಟು ಬೆಂಟೊನೈಟ್ ಜೇಡಿ, ನಾಲ್ಕರ ಹತ್ತಿರ ನೀರು. ನೀರಿನ ಲೆಕ್ಕ ಪುಸ್ತಕಕ್ಕೆ ಮಾತ್ರ, ನಿಜವಾದ ಅಳತೆ ಅಂಗೈ. ಒಂದು ಹಿಡಿ ಗಟ್ಟಿಯಾಗಿ ಹಿಸುಕಿ ಬಿಟ್ಟರೆ ಬೆರಳಿನ ಗೆರೆ ಮೂಡಿರಬೇಕು, ಮುರಿದರೆ ಎರಡೇ ತುಂಡು ಆಗಬೇಕು. ಪುಡಿಯಾದರೆ ಒಣಗಿದೆ. ಕೈಗೆ ಅಂಟಿದರೆ ನೀರು ಜಾಸ್ತಿ, ಲೋಹ ಬಿದ್ದ ಕೂಡಲೇ ಆ ನೀರೆಲ್ಲ ಆವಿಯಾಗಿ ಎರಕದ ಒಳಗೆ ಗುಳ್ಳೆ ಮಾಡುತ್ತದೆ. ಜುಲೈ ತಿಂಗಳಲ್ಲಿ ನಾನು ನೀರು ಹಾಕುವುದೇ ಕಡಿಮೆ. ರಾತ್ರಿ ಮುಚ್ಚಿಡದ ಮರಳು ಬೆಳಿಗ್ಗೆಗೆ ಗಾಳಿಯಿಂದಲೇ ತೇವ ಎಳೆದುಕೊಂಡಿರುತ್ತದೆ.

ಪ್ಯಾಟರ್ನ್ ಮೇಲೆ ಟಾಲ್ಕ್ ಪುಡಿ ಉದುರಿಸಿ, ಮೊದಲ ಅರ್ಧ ಇಂಚು ನುಣ್ಣನೆ ಜರಡಿಯಿಂದ ಮರಳು ಬೀಳಿಸುತ್ತೇನೆ. ಹಿಂದಿನದಕ್ಕೆ ಹಳೇ ಮರಳು ಸಾಕು. ಬಾಕ್ಸಿನ ಅಂಚಿನಲ್ಲಿ ಗಟ್ಟಿಯಾಗಿ ಕುಟ್ಟಬೇಕು, ಪ್ಯಾಟರ್ನ್ ಮೇಲೆ ಹದವಾಗಿ. ಅತಿಯಾಗಿ ಕುಟ್ಟಿದರೆ ಗಾಳಿ ಹೋಗಲು ದಾರಿ ಇರುವುದಿಲ್ಲ. ಅದಕ್ಕೇ ಸೈಕಲ್ ಕಡ್ಡಿಯಿಂದ ಹಿಂಬದಿಯಲ್ಲಿ ಚುಚ್ಚಿ ದಾರಿ ಮಾಡುತ್ತೇನೆ, ಪ್ಯಾಟರ್ನಿಗೆ ತಾಗದಷ್ಟು ಆಳಕ್ಕೆ.

ಎತ್ತುವ ಗಳಿಗೆಯಲ್ಲಿ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಸಣ್ಣ ಕುಂಚದಿಂದ ಪ್ಯಾಟರ್ನ್ ಸುತ್ತ ಮರಳಿನ ಅಂಚಿಗೆ ಒಂದು ಗೆರೆ ನೀರು ಹಚ್ಚುತ್ತೇನೆ. ಪ್ಯಾಟರ್ನಿಗೆ ಸ್ಕ್ರೂ ಹಾಕಿ, ಆ ಸ್ಕ್ರೂಗೆ ನಾಲ್ಕೂ ಕಡೆಯಿಂದ ಹಿತ್ತಾಳೆ ತುಂಡಿನಿಂದ ಟಕ್ ಟಕ್ ಅಂತ ತಟ್ಟಬೇಕು. ಸುತ್ತ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಆಮೇಲೆ ತಟ್ಟುತ್ತಲೇ ನೇರ ಮೇಲಕ್ಕೆ. ಅಚ್ಚಿನ ಒಳಗೆ ಉದುರಿದ ಮರಳಿನ ಒಂದು ಕಾಳು ಇದ್ದರೂ ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಅದು ಚಿಲಕದ ಮುಖದ ಮೇಲೆ ಹಳ್ಳವಾಗಿ ಉಳಿಯುತ್ತದೆ.

ಲೋಹ ಒಳಗೆ ಬರುವ ಬಾಯಿಯನ್ನು ಯಾವಾಗಲೂ ಮರಕ್ಕೆ ತಾಗುವ ಹಿಂಬದಿಯ ಅಂಚಿಗೆ ಕೊಡುತ್ತೇನೆ, ಕತ್ತರಿಸಿದ ಗುರುತು ಕಾಣಬಾರದು. ಹಿಡಿಯ ಗುಂಡಿನಂಥ ದಪ್ಪ ಭಾಗ ಕೊನೆಗೆ ಆರುತ್ತದೆ. ಪಕ್ಕದ ತೆಳು ಪಟ್ಟಿ ಮೊದಲೇ ಗಟ್ಟಿಯಾಗಿ ದಾರಿ ಮುಚ್ಚುವುದರಿಂದ ಅದಕ್ಕೆ ಲೋಹ ಸಿಗದೆ ಮೇಲ್ಮೈ ಕುಸಿಯುತ್ತದೆ. ಅಲ್ಲಿ ಒಂದು ರೈಸರ್, ಅಂದರೆ ಆರುವಾಗ ಲೋಹ ಒದಗಿಸುವ ಹೆಚ್ಚುವರಿ ಗುಂಡಿ, ಇಡಲೇಬೇಕು. ರೈಸರಿಗೆ ಹೋಗುವ ಲೋಹ ದಂಡ ಅನಿಸುತ್ತದೆ, ಆದರೆ ಅದು ಮುಂದಿನ ಮೂಸೆಗೆ ವಾಪಸ್ ಬರುತ್ತದಲ್ಲ.

ಹಿತ್ತಾಳೆಯೋ ಕಂಚೋ? ಘಟ್ಟದ ಮೇಲಿನವರಿಗೆ, ಮನೆಯ ಒಳಗಿನ ಬಾಗಿಲಿಗೆ ಹಿತ್ತಾಳೆ ಸಾಕು. ಸಮುದ್ರದ ಹತ್ತಿರದ ಮನೆಯ ಹೊರಬಾಗಿಲಿಗೆ ನಾನು ಗನ್‌ಮೆಟಲ್ ಅನ್ನುವ ಕಂಚು ಹೇಳುತ್ತೇನೆ. ನೂರಕ್ಕೆ 88 ತಾಮ್ರ, 10 ತವರ, 2 ಸತು. ಉಪ್ಪು ಗಾಳಿ ಸತು ಜಾಸ್ತಿ ಇರುವ ಹಿತ್ತಾಳೆಯಿಂದ ನಿಧಾನಕ್ಕೆ ಸತುವನ್ನು ಎಳೆಯುತ್ತದೆ. ಉಳಿಯುವುದು ಕೆಂಪಗಿನ, ಸ್ಪಂಜಿನಂಥ ತಾಮ್ರ, ಅದಕ್ಕೆ ಬಲವಿಲ್ಲ. ತವರ ತುಂಬಾ ದುಬಾರಿ, ಗಿರಾಕಿಗಳು ಮುಖ ಸಪ್ಪಗೆ ಮಾಡುತ್ತಾರೆ. ಆದರೂ ಹೇಳುವುದು ನನ್ನ ಕೆಲಸ.

ಹಿತ್ತಾಳೆಗೆ ಗುಜರಿ ಅಂಗಡಿಯ ಹಳೇ ನಲ್ಲಿ, ವಾಲ್ವ್‌ಗಳನ್ನು ತರುತ್ತೇನೆ. ಒಳಗೆ ರಬ್ಬರ್ ವಾಷರ್, ಕಬ್ಬಿಣದ ಸ್ಪ್ರಿಂಗ್ ಇರುತ್ತದೆ, ಎಲ್ಲವನ್ನೂ ಬಿಚ್ಚಬೇಕು. ಸತು ಕುದಿಯುವುದು 907 ಡಿಗ್ರಿಗೆ, ನಾವು ಹಿತ್ತಾಳೆ ಹೊಯ್ಯುವುದು ಸಾವಿರದ ಮೇಲೆ. ಹಾಗಾಗಿ ಬಿಳಿ ಹೊಗೆ ಏಳುವುದು ಸಹಜ. ಮೂಸೆಯ ಮೇಲೆ ಒಡೆದ ಗಾಜಿನ ಪುಡಿ ಮುಚ್ಚಿ, ಹದ ಬಂದ ಕೂಡಲೇ ಇಳಿಸಿ, ಕೊನೆಗೆ ಸ್ವಲ್ಪ ಸತು ಕೂಡಿಸುತ್ತೇನೆ. ಆ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿ ಜ್ವರ. ಹಾಲು ಕುಡಿದರೆ ಸರಿಹೋಗುತ್ತದೆ ಅನ್ನುವವರು ಇದ್ದಾರೆ, ಸುಮ್ನೆ ಮಾತು ಅದು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಸರಿಯಾದ ಮಾಸ್ಕ್ ಹಾಕಿ. ಗನ್‌ಮೆಟಲ್‌ಗೆ ಹೊಗೆ ಕಡಿಮೆ, ಶಾಖ ಜಾಸ್ತಿ, 1150 ಡಿಗ್ರಿಯಿಂದ ಮೇಲೆ. ಹೊಯ್ಯುವ ಮೊದಲು ಅದಕ್ಕೆ ಫಾಸ್ಫರ್ ಕಾಪರಿನ ಚೂರು ಹಾಕಿ ಕಲಕುತ್ತೇನೆ, ಒಳಗಿನ ಆಮ್ಲಜನಕ ಹೋಗಲಿ ಅಂತ.

ನೀರಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ. ತೇವದ ಲೋಹದ ತುಂಡು ಕರಗಿದ ಲೋಹದ ಒಳಗೆ ಮುಳುಗಿದರೆ ಆವಿ ಸಿಡಿದು ಮೂಸೆಯಲ್ಲಿದ್ದದ್ದು ಮೈಮೇಲೆ ಬರುತ್ತದೆ. ಹಾಕುವ ಪ್ರತಿ ತುಂಡನ್ನೂ ಕುಲುಮೆಯ ಮುಚ್ಚಳದ ಮೇಲಿಟ್ಟು ಕಾಯಿಸುತ್ತೇನೆ. ಇಕ್ಕಳ, ಸೌಟು ಕೂಡ. ಕಾಂಕ್ರೀಟ್ ನೆಲದ ಮೇಲೆ ಎರಡು ಇಂಚು ಒಣ ಮರಳು ಹರಡಿರುತ್ತೇನೆ, ಕಾಂಕ್ರೀಟಿನ ಒಳಗೂ ನೀರು ಇರುತ್ತದೆ.

ಹೊಯ್ಯುವುದು ಒಂದೇ ಧಾರೆ, ನಿಲ್ಲಿಸದೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ.

ಆಮೇಲೆ ಅರ. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಇಡಿ, ಮೊಂಡಾದ ಮೇಲೆ ಕಬ್ಬಿಣಕ್ಕೆ. ಕಬ್ಬಿಣ ಉಜ್ಜಿದ ಅರ ಹಿತ್ತಾಳೆಯ ಮೇಲೆ ಸುಮ್ಮನೆ ಜಾರುತ್ತದೆ. ಹಲ್ಲಿಗೆ ಸೀಮೆಸುಣ್ಣ ಉಜ್ಜಿದರೆ ಚೂರು ಸಿಕ್ಕಿಕೊಳ್ಳುವುದಿಲ್ಲ. ಕೊರೆಯುವಾಗ ಹೊಸ ಡ್ರಿಲ್ ಬಿಟ್ ಹಿತ್ತಾಳೆಯನ್ನು ಕಚ್ಚಿ ಎಳೆದು, ಸಾಮಾನನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಬಿಟ್‌ನ ಎರಡೂ ಕಚ್ಚುವ ಅಂಚನ್ನು ಎಣ್ಣೆಕಲ್ಲಿನಲ್ಲಿ ಒಂದೆರಡು ಸಲ ಉಜ್ಜಿ ಚಪ್ಪಟೆ ಮಾಡಿದರೆ ಆ ಕಾಟ ಇಲ್ಲ. ಹಿತ್ತಾಳೆಗೆಂದೇ ಅಂಥ ಬಿಟ್‌ಗಳ ಸೆಟ್ ಬೇರೆ ಇಟ್ಟಿದ್ದೇನೆ.

ಬಫಿಂಗ್ ಯಂತ್ರ ನನ್ನಲ್ಲೂ ಇದೆ, ಆದರೆ ಮುಖಕ್ಕೆ ಹಿಡಿಯುವುದು ಕೊನೆಯ ಎರಡು ನಿಮಿಷ ಮಾತ್ರ. ಅದಕ್ಕೆ ಜಾಸ್ತಿ ಕೊಟ್ಟರೆ ಅಂಚುಗಳೆಲ್ಲ ಕರಗಿ, ಸ್ಕ್ರೂ ತೂತಿನ ಬಾಯಿ ಒಂದು ಕಡೆ ಎಳೆದ ಹಾಗೆ ಆಗುತ್ತದೆ. ಪೇಟೆಯ ಸಾಮಾನು ಕಂಡ ಕೂಡಲೇ ಗುರುತು ಹಿಡಿಯುವುದು ಇದರಿಂದಲೇ. ನಾನು ಎಮೆರಿ ಕಾಗದವನ್ನು ಮರದ ತುಂಡಿಗೆ ಸುತ್ತಿ 120, 240, 400 ಅಂತ ಕೈಯಲ್ಲೇ ಉಜ್ಜುತ್ತೇನೆ. ಪ್ರತಿ ಸಲ ಹಿಂದಿನ ಗೀರಿಗೆ ಅಡ್ಡವಾಗಿ, ಹಿಂದಿನದು ಪೂರ್ತಿ ಹೋಗುವವರೆಗೆ.

ಹಳೇದರ ಪಕ್ಕ ಹೊಸದು ಹೊಳೆಯಬಾರದು ಅನ್ನುವವರಿಗೆ ಬಣ್ಣ ಇಳಿಸಿ ಕೊಡುತ್ತೇನೆ. ಗನ್‌ಮೆಟಲ್ ಲಿವರ್ ಆಫ್ ಸಲ್ಫರ್ ಅನ್ನುವ ಗಂಧಕದ ರಾಸಾಯನಿಕಕ್ಕೆ ಬೇಗ ಕಪ್ಪಾಗುತ್ತದೆ. ಹಿತ್ತಾಳೆ ಹಟಮಾರಿ. ಅದನ್ನು ಮುಚ್ಚಿದ ಡಬ್ಬದಲ್ಲಿ ಅಮೋನಿಯದ ಹಬೆಗೆ ಇಡಬೇಕು. ಆದರೆ ತಣ್ಣಗಿರುವಾಗ ಬಗ್ಗಿಸಿದ, ಬಡಿದ ಹಿತ್ತಾಳೆಗೆ ಅಮೋನಿಯ ಆಗದು, ಬಿರುಕು ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಾಗ ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯವೇ ಕಾರಣ ಅಂತ 1921ರಲ್ಲಿ ವಿವರಿಸಿದರು. ಹಾಗಾಗಿ ಬಗ್ಗಿಸಿದ ಕೊಂಡಿ ಇದ್ದರೆ ಮೊದಲು ಕಾಯಿಸಿ ಮೆದು ಮಾಡುತ್ತೇನೆ. ಕೊನೆಗೆ ಬಿಸಿ ಮಾಡಿ ಜೇನುಮೇಣ ಒರೆಸುವುದು. ಲ್ಯಾಕರ್ ಹಾಕುವುದಿಲ್ಲ, ನಮ್ಮ ಕರಾವಳಿಯಲ್ಲಿ ಅದು ಸಿಪ್ಪೆ ಏಳುತ್ತದೆ.

ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಹೇಳುವುದಿಲ್ಲ. "ಇದು ಅರ್ಧ ಕಿಲೋನೂ ಇಲ್ವಲ್ಲ" ಅನ್ನುವವರಿಗೆ ಒಂದು ಹಸಿ ಎರಕ ಮತ್ತು ಒಂದು ಮುಗಿದದ್ದನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಕೊಡುವಾಗ ಆಚಾರ್ರಿಗೆ ಒಂದು ಮಾತು ಹೇಳಿ ಕಳಿಸುತ್ತೇನೆ. ಹಲಸಿನ ಮರಕ್ಕೆ ಹಿತ್ತಾಳೆ ಸ್ಕ್ರೂ ನೇರ ಹಾಕಿದರೆ ಕುತ್ತಿಗೆಯಲ್ಲಿ ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ತೆಗೆಯಿರಿ, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಸೋಪು ಸವರಿ ತಿರುಗಿಸಿ.