ಅಸೆಂಬಲ್ ಮಾಡಿದ ಪಿಸಿಯಲ್ಲಿ ಎಷ್ಟು ಗಿಟ್ಟುತ್ತದೆ: ನನ್ನ ಲೆಕ್ಕ

ಡಿಡಿಆರ್4 ರ್‍ಯಾಮ್ ಯಾವ ಕಂಪನಿಯದಾದರೂ ಡೆಸ್ಕ್‌ಟಾಪಿಗೆ ಅದೇ 288 ಪಿನ್. ಎಟಿಎಕ್ಸ್ ಎಂಬ ಪ್ರಮಾಣಿತ ಅಳತೆಯ ಮದರ್‌ಬೋರ್ಡು ಯಾವ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಾದರೂ ಕೂರುತ್ತದೆ. ಜೋಡಿಸುವಾಗ ಇದು ಸಲೀಸು, ಮಾರುವಾಗ ಇದೇ ತಲೆನೋವು. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಪಕ್ಕದಂಗಡಿಯಲ್ಲೂ ಅದೇ ಮಾಲು. ಗಿರಾಕಿಯ ಮೊಬೈಲಿನಲ್ಲಿ ಅದರ ಆನ್‌ಲೈನ್ ರೇಟು. 1981ರಲ್ಲಿ ಪಿಸಿ ತಂದ ಐಬಿಎಂಗೂ ಹೀಗೇ ಆಯಿತು. ಬಿಡಿಭಾಗ ಬಹುಪಾಲು ಪೇಟೆಯದು, ಸ್ವಂತದ್ದೆಂದು ಕಾಯ್ದುಕೊಂಡದ್ದು ಬಯೋಸ್, ಅಂದರೆ ಮೆಷಿನ್ನನ್ನು ಎಬ್ಬಿಸುವ ಮೂಲ ತಂತ್ರಾಂಶ. ಕಾಂಪ್ಯಾಕ್ ಎಂಬ ಪ್ರತಿಸ್ಪರ್ಧಿ ಕಂಪನಿ ಅದಕ್ಕೆ ಹೊಂದುವಂಥದ್ದನ್ನು ತಾನೇ ಬರೆಸಿಕೊಂಡಿತು. 1984ರಲ್ಲಿ ಫೀನಿಕ್ಸ್ ಎಂಬ ತಂತ್ರಾಂಶ ಕಂಪನಿ ಅಂಥ ಬಯೋಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಪೆಟ್ಟಿಗೆಯ ಲಾಭ ಕರಗಿತು, ಇಂಟೆಲ್ ಮತ್ತು ಮೈಕ್ರೋಸಾಫ್ಟಿನದು ಬೆಳೆಯಿತು.

ನನ್ನ ಒಂದು ಮೆಷಿನ್ನಿನ ಲೆಕ್ಕ ಹೀಗೆ. ಅಸಲು 37,600, ಮಾರುವುದು 40,000, ಎರಡೂ ಜಿಎಸ್‌ಟಿ ಬಿಟ್ಟು. ಉಳಿಯುವುದು 2,400, ನೂರಕ್ಕೆ ಆರು. ಹೊಸಬರು 18% ಜಿಎಸ್‌ಟಿ ಸೇರಿಸಿ 44,368ಕ್ಕೆ ತಂದು 47,200ಕ್ಕೆ ಮಾರಿ 2,832 ಗಿಟ್ಟಿತು ಅಂದುಕೊಳ್ಳುತ್ತಾರೆ. ಅದರಲ್ಲಿ 432 ಸರ್ಕಾರದ್ದು. ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದರೆ 2% ಲೆಕ್ಕದಲ್ಲಿ 944 ಹೋಯಿತು. ವಾರಂಟಿ ಓಡಾಟಕ್ಕೆ 400, ಸಾಗಾಟಕ್ಕೆ 200 ತೆಗೆದಿಟ್ಟರೆ ಕೈಗೆ ಬರುವುದು 856. ಅದಕ್ಕೇ ಯುಪಿಐ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಎಂದು ಕೊಟೇಶನ್ನಿನಲ್ಲೇ ಬರೆಯುತ್ತೇನೆ.

ಇಷ್ಟು ತೆಳು ಲಾಭದಲ್ಲಿ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ ಒಂದು ಬಾಗಿದರೂ ಹಲವು ಮೆಷಿನ್ನುಗಳ ದುಡಿಮೆ ಹೋದಂತೆ, ಏಕೆಂದರೆ ಅದನ್ನು ವಾರಂಟಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಡೀಲರನ ಕೌಂಟರಿನಲ್ಲೇ ಡಬ್ಬಿ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಪಿನ್ನುಗಳ ಹೊಳಪು ಒಂದೇ ಸಾಲಿನಲ್ಲಿ ಓಡಬೇಕು. ನಡುವೆ ಒಂದು ಮಂಕಾಗಿದ್ದರೆ ಬೋರ್ಡು ಬದಲಿಸಿ. ಫೋಟೋ ಇರಲಿ, ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವೂ ಇರಲಿ. ವಾಪಸ್ ಕಳಿಸುವಾಗ ಅದನ್ನು ಕೇಳುತ್ತಾರೆ.

ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿಗಳ ರೇಟಿನಲ್ಲಿ ನಾನು ಚೌಕಾಸಿಗೆ ನಿಲ್ಲುವುದಿಲ್ಲ, ದಾಸ್ತಾನೂ ಇಡುವುದಿಲ್ಲ. ಮುಂಗಡ ಬಂದ ಮೇಲೆಯೇ ಖರೀದಿ, ಕೊಟೇಶನ್ 2 ದಿನಕ್ಕಷ್ಟೇ. ಉಳಿತಾಯಕ್ಕೆಂದು ಅಗ್ಗದ ಎಸ್‌ಎಂಪಿಎಸ್ (ಮೆಷಿನ್ನಿಗೆ ಕರೆಂಟು ಕೊಡುವ ಪವರ್ ಸಪ್ಲೈ) ಹಾಕುವುದು ಮಾತ್ರ ಶುದ್ಧ ಪೆದ್ದುತನ: ಅದು ಸುಟ್ಟಾಗ ಒಂದೊಂದು ಸಲ ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ.

ಗಿಟ್ಟುವುದು ರೇಟು ಹೋಲಿಸಲಾಗದ ಕೆಲಸದಲ್ಲಿ. ಹಳೆ ಡಿಸ್ಕಿನ ಟ್ಯಾಲಿ (ಅಂಗಡಿ ಲೆಕ್ಕದ ತಂತ್ರಾಂಶ) ಡೇಟಾ ಹೊಸದಕ್ಕೆ ಸಾಗಿಸಿ, ಪ್ರಿಂಟರ್ ಹಂಚಿಕೊಟ್ಟು, ಬ್ಯಾಕಪ್ ಹೊಂದಿಸಿದರೆ 1,500 ಕೇಳಿದರೂ ಯಾರೂ ಮೊಬೈಲ್ ತೆಗೆಯುವುದಿಲ್ಲ. ಇದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರೆಯಿರಿ. ಮೆಷಿನ್ನಿನ ರೇಟಿನೊಳಗೆ ಸೇರಿಸಿದರೆ ಅದಕ್ಕೂ ಚೌಕಾಸಿ ಶುರುವಾಗುತ್ತದೆ.